ತಂತಿಯನ್ನು ಮೊದಲು ನೋಡಬೇಕಿತ್ತು

ಕಬಿನಿ ಹೊಳೆಯ ಈ ದಡದಲ್ಲಿ ನಮ್ಮ ಮನೆ. ಎದುರಿನ ದಡ ಬೈರಕುಪ್ಪೆ. ಅದು ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿಗೆ ಸೇರಿದ್ದು. ಇತ್ತ ಪೆರಿಕ್ಕಲ್ಲೂರಿನ ಕಡವು. ಇದು ವಯನಾಡಿಗೆ ಸೇರಿದ್ದು. ನಡುವೆ ದೋಣಿ. ಆ ದಡದ ಕೋಳಿ ಕೂಗಿದರೆ ಈ ದಡದವರಿಗೂ ಬೆಳಗಾಗುತ್ತದೆ. ಆದರೆ ದೂರದರ್ಶನದ ಚಿತ್ರವನ್ನು ಹಿಡಿಯಲು ಕಿವಿ ಸಾಲದು, ಅಂಟೆನಾ ಬೇಕು. ಗಡಿನಾಡಿನ ಕನ್ನಡ ಮನೆಗಳಲ್ಲಿ ಈ ಅಂಟೆನಾ ಎಷ್ಟು ಜಗಳಕ್ಕೆ, ಎಷ್ಟು ಹೆಂಚು ಒಡೆಯುವುದಕ್ಕೆ ಕಾರಣವಾಯಿತೆಂಬುದನ್ನು ನಮ್ಮ ವಾಚಕರಿಗೆ ಹೊಸದಾಗಿ ಹೇಳಬೇಕಾಗಿಲ್ಲ.

ಬೆಂಗಳೂರಿನ ದೂರದರ್ಶನ ಕೇಂದ್ರ ಆರಂಭವಾದದ್ದು 1981ರಲ್ಲಿ, ತಿರುವನಂತಪುರದ್ದು 1985ರಲ್ಲಿ. ನಮ್ಮ ಮನೆಗೆ ಟಿ.ವಿ. ಬಂದದ್ದು 1987ರಲ್ಲಿ, ಭಾನುವಾರದ ‘ರಾಮಾಯಣ’ಕ್ಕಾಗಿ. ಕರಿಮೆಣಸು ಮಾರಿದ ಹಣದಲ್ಲಿ ತೀರ್ಥರೂಪರು ಒಂದು ಕಪ್ಪು-ಬಿಳುಪಿನ ಪೆಟ್ಟಿಗೆಯನ್ನು ಜೀಪಿನಲ್ಲಿ, ಹಸುಗೂಸನ್ನು ತರುವಂತೆ ತೊಡೆಯ ಮೇಲಿಟ್ಟುಕೊಂಡು ತಂದರು. ಹೆಂಚಿನ ಮಾಡಿನ ಮೇಲೆ ಉದ್ದನೆಯ ಬಿದಿರಿನ ತುದಿಗೆ ಅಲ್ಯೂಮಿನಿಯಂ ಕಡ್ಡಿಗಳ ಅಂಟೆನಾ ನಿಂತಿತು. ಅದನ್ನು ಈಶಾನ್ಯಕ್ಕೆ ತಿರುಗಿಸಿದರೆ ಮೈಸೂರಿನ ದಿಕ್ಕು, ನೈಋತ್ಯಕ್ಕೆ ತಿರುಗಿಸಿದರೆ ಕೋಳಿಕ್ಕೋಡಿನ ದಿಕ್ಕು. ಒಂದೇ ಕಂಬ, ಒಂದಕ್ಕೊಂದು ಬೆನ್ನು ತಿರುಗಿಸಿ ನಿಂತ ಎರಡು ದಿಕ್ಕುಗಳು. ಕೋಳಿಕ್ಕೋಡಿನ ಕಡೆ ಘಟ್ಟದ ಅಂಚು ಅಡ್ಡವಿದ್ದುದರಿಂದಲೋ ಏನೋ, ಮೈಸೂರಿನ ಕಡೆಯ ಮಸುಕು ಚಿತ್ರವೇ ನಮಗೆ ಬೇಗ ಒಲಿಯುತ್ತಿದ್ದಿತು.

ತೀರ್ಥರೂಪರು ಮಾಡಿನ ಮೇಲೆ, ನಾವು ಕಿಟಕಿಯ ಬಳಿ, ತಾಯಿಯವರು ಪೆಟ್ಟಿಗೆಯ ಮುಂದೆ.

“ಬಂತಾ?”

“ಬಂತಂತೆ ಅಪ್ಪಯ್ಯ… ಹೋಯ್ತಂತೆ.”

ಚಿತ್ರ ಕೆಟ್ಟರೆ ತೀರ್ಥರೂಪರಿಗೆ ಒಂದು ಕ್ರಮವಿತ್ತು. ಅವರು ಪೆಟ್ಟಿಗೆಯ ಗುಬ್ಬಿಗಳನ್ನು ಮುಟ್ಟುತ್ತಿರಲಿಲ್ಲ. ಮೊದಲು ಅಂಟೆನಾದಿಂದ ಇಳಿದುಬಂದ ಚಪ್ಪಟೆ ತಂತಿಯನ್ನು ಕೈಯಲ್ಲಿ ಹಿಡಿದು, ಹುರಿಯ ಗಂಟನ್ನು ಹುಡುಕುವಂತೆ ತುದಿಯಿಂದ ತುದಿಯವರೆಗೆ ತಡವಿಕೊಂಡು ಬರುತ್ತಿದ್ದರು. ಎಲ್ಲೋ ಒಂದೆಡೆ ಇಲಿ ಕಡಿದಿರುತ್ತಿತ್ತು, ಇಲ್ಲವೇ ಮಳೆ ನೀರು ಇಳಿದು ತಾಮ್ರ ಕಿಲುಬು ಹಿಡಿದಿರುತ್ತಿತ್ತು. ಐದನೆಯ ತರಗತಿಗೆ ಶಾಲೆ ಬಿಟ್ಟವರು ಅವರು. ಶಿಕ್ಷಕ ತರಬೇತಿ ಪಡೆದು ಇಂದು ಒಂದು ಶಾಲೆಯ ಮುಖ್ಯೋಪಾಧ್ಯಾಯರಾಗಿರುವ ನಾವು, ಆ ಕ್ರಮವನ್ನು ಮರೆತು ಮಾಡಿದ ಒಂದು ತಪ್ಪಿನ ಕಥೆಯೇ ಈ ಬರಹ.

ನಮ್ಮ ತಾಯಿಯವರ ತವರು ಗುಂಡ್ಲುಪೇಟೆಯ ಬಳಿಯ ಹಳ್ಳಿ. 1956ರ ನವೆಂಬರ್ 1ರಂದು ವಯನಾಡು ಕೇರಳಕ್ಕೆ ಸೇರಿತು, ಗುಂಡ್ಲುಪೇಟೆ ಮೈಸೂರು ರಾಜ್ಯದಲ್ಲಿ ಉಳಿಯಿತು. ಅದಾಗಿ ಆರು ವರ್ಷಗಳ ಮೇಲೆ ಅವರು ಮದುವೆಯಾಗಿ ಗಡಿ ದಾಟಿ ಬಂದವರು. ಮಲಯಾಳವನ್ನು ಸಂತೆಗೂ ಆಸ್ಪತ್ರೆಗೂ ಬೇಕಾದಷ್ಟು ಕಲಿತರು. ಅದಕ್ಕಿಂತ ಹೆಚ್ಚು ಕಲಿಯುವ ಅಗತ್ಯವನ್ನು ಅವರು ಎಂದೂ ಕಾಣಲಿಲ್ಲ. ಅವರಿಗೆ ಒಬ್ಬನೇ ತಮ್ಮ, ನಮ್ಮ ಸೋದರಮಾವ. ಮಾವನವರು ಮಲೆಯ ಮಾದಪ್ಪನ ಒಕ್ಕಲು, ದೇವರಗುಡ್ಡರು; ಕಂಸಾಳೆ ಹಿಡಿದರೆ ಊರಿನ ನಾಯಿಗಳೂ ಸುಮ್ಮನೆ ಕುಳಿತು ನೋಡುತ್ತಿದ್ದವೆಂದು ತಾಯಿಯವರ ಅಂಬೋಣ. ಹಬ್ಬಕ್ಕೆ ಅಕ್ಕನನ್ನು ನೋಡಲು ಬಂದರೆ ಊಟ ಮುಗಿಸಿ ಮಧ್ಯಾಹ್ನವೇ ಹೊರಟುಬಿಡುತ್ತಿದ್ದರು. 2009ರಿಂದ ಬಂಡೀಪುರದ ಕಾಡಿನ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರಕ್ಕೆ ತಡೆಯಿದೆಯಷ್ಟೆ. ಮದ್ದೂರಿನ ಗೇಟು ಹಾಕುವ ಮುಂಚೆ ದಾಟಬೇಕೆಂಬ ಆತುರದಲ್ಲಿ ಎಷ್ಟೋ ಮಾತು ಬಾಕಿ ಉಳಿಯುತ್ತಿದ್ದವು.

2018ರಲ್ಲಿ ಮಾವನವರ ತಂಡ ದೂರದರ್ಶನದ ಚಂದನ ವಾಹಿನಿಯ ಒಂದು ಜಾನಪದ ಕಾರ್ಯಕ್ರಮದಲ್ಲಿ ಕಾಣಿಸಿಕೊಂಡಿತು. ಅಷ್ಟರಲ್ಲಿ ನಮ್ಮ ಮನೆಯ ಬಿದಿರಿನ ಕಂಬ ಹೋಗಿ ಡಿಶ್ ಬಂದಿತ್ತು. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗಳು, ಕಾರ್ಯಕ್ರಮಗಳನ್ನು ತಾನೇ ಮುದ್ರಿಸಿಟ್ಟುಕೊಳ್ಳುವ ಒಂದು ರೆಕಾರ್ಡರ್ ಪೆಟ್ಟಿಗೆಯನ್ನು ಅಜ್ಜಿಗಾಗಿ ಹಾಕಿಸಿ ಕೊಟ್ಟಿದ್ದಳು. ತಾಯಿಯವರು ರಾತ್ರಿ ಎಂಟಕ್ಕೆ ಮಲಗುವವರು. ಅವರಿಗೆ ಬಲು ಪ್ರಿಯವಾದ ‘ಥಟ್ ಅಂತ ಹೇಳಿ’ ಬರುವಾಗ ಅವರ ಮೊದಲ ನಿದ್ದೆ ಮುಗಿದಿರುತ್ತದೆ. 2002ರಿಂದ ಡಾಕ್ಟರ್ ನಾ. ಸೋಮೇಶ್ವರ ಅವರು ನಡೆಸಿಕೊಂಡು ಬಂದ ಆ ರಸಪ್ರಶ್ನೆಯನ್ನು ಪೆಟ್ಟಿಗೆ ರಾತ್ರಿ ಹಿಡಿದಿಡುತ್ತಿತ್ತು, ತಾಯಿಯವರು ಬೆಳಿಗ್ಗೆ ಮುದ್ದೆ ತಿರುವಿದ ಮೇಲೆ ನೋಡುತ್ತಿದ್ದರು. ಓದು ಬರಹ ಅಷ್ಟಕ್ಕಷ್ಟೆ. ಆದರೂ ಪ್ರಶ್ನೆಗಳಿಗೆ ಉತ್ತರ ಕೊಡುವರು. ತಪ್ಪಾದರೆ ತಪ್ಪು ಆ ಸ್ಪರ್ಧಿಯದು.

ಮಾವನವರ ಕಾರ್ಯಕ್ರಮವನ್ನೂ ಹಾಗೆಯೇ ಮುದ್ರಿಸಿ, ಅಳಿಸಿಹೋಗದಂತೆ ಅದಕ್ಕೆ ಬೀಗದ ಗುರುತು ಹಾಕಿಟ್ಟೆವು. ಈ ಪೆಟ್ಟಿಗೆಗಳಲ್ಲಿ ಜಾಗ ತುಂಬಿದಾಗ ಹಳೆಯದು ತಾನಾಗಿ ಅಳಿಯುತ್ತದೆ. ಬೀಗ ಹಾಕಿದ್ದು ಅಳಿಯುವುದಿಲ್ಲ. ಒಟ್ಟು ಇಪ್ಪತ್ತೆರಡು ನಿಮಿಷದ ಮುದ್ರಣ. ಎಡದಿಂದ ಎರಡನೆಯವರು ಮಾವ. ಬೀಸು ಕಂಸಾಳೆಯ ಭರದಲ್ಲಿ ಅವರ ಮುಖ ನಾಲ್ಕೈದು ಸಲ ತೆರೆಯ ತುಂಬ ಬರುತ್ತಿತ್ತು, ಮತ್ತೆ ಸಾಲಿನೊಳಗೆ ಸೇರಿಹೋಗುತ್ತಿತ್ತು.

2021ರ ಮೇ ತಿಂಗಳಲ್ಲಿ ಮಾವನವರು ತೀರಿಕೊಂಡರು. ಆಗ ಎರಡು ರಾಜ್ಯಗಳಲ್ಲಿಯೂ ಬೀದಿಗೆ ಬರುವಂತಿರಲಿಲ್ಲ. ಒಡಹುಟ್ಟಿದವನ ಮುಖ ನೋಡಲು ತಾಯಿಯವರಿಗೆ ಆಗಲಿಲ್ಲ. ತಿಥಿಗೂ ಹೋಗಲಾಗಲಿಲ್ಲ. ಅಲ್ಲಿಂದೀಚೆಗೆ ಪ್ರತಿ ಅಮಾವಾಸ್ಯೆಯಂದು ಮಾದಪ್ಪನಿಗೆ ದೀಪ ಹಚ್ಚಿದ ಮೇಲೆ ಅವರು ಟಿ.ವಿ.ಯ ಮುಂದೆ ಚಾಪೆ ಹಾಸಿ ಕೂರುತ್ತಿದ್ದರು.

“ಅಮಾಸ ಬಂತು ಕನ ಮಗ, ನನ್ ತಮ್ಮುನ್ನ ತೋರ್ಸು.”

ಇಪ್ಪತ್ತೆರಡು ನಿಮಿಷ. ಆ ಹೊತ್ತಿನಲ್ಲಿ ಮನೆಯಲ್ಲಿ ಯಾರೂ ಮಾತನಾಡುತ್ತಿರಲಿಲ್ಲ.

ಇನ್ನು ನಮ್ಮ ವಿಷಯ. 2020ರ ಜೂನ್ 1ರಂದು ಕೇರಳದಲ್ಲಿ ಶಾಲೆಗಳ ಬಾಗಿಲು ತೆರೆಯದೆ, ಕೈಟ್ ವಿಕ್ಟರ್ಸ್ ವಾಹಿನಿಯಲ್ಲಿ ‘ಫಸ್ಟ್ ಬೆಲ್’ ಎಂಬ ಪಾಠಗಳು ಆರಂಭವಾದವು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಬೇರೆಯಾಗಿ ಕನ್ನಡ ಪಾಠಗಳೂ ತಯಾರಾದವು. ನಮ್ಮ ವಯನಾಡಿನಲ್ಲಿ ಮಲಯಾಳವೇ. ಹಾಡಿಗಳ ಮಕ್ಕಳಿಗೆ ಮನೆಯಲ್ಲಿ ಟಿ.ವಿ. ಇರಲಿಲ್ಲವಾಗಿ ಅಲ್ಲಲ್ಲಿ ಸಾರ್ವಜನಿಕ ಕೊಠಡಿಗಳಲ್ಲಿ ಟಿ.ವಿ. ಇರಿಸಲಾಯಿತು. ಕಾಟುನಾಯ್ಕರ ಮಕ್ಕಳೂ ಬಂದು ಕೂರುತ್ತಿದ್ದರು. ಅವರ ಮನೆಮಾತು ಕನ್ನಡಕ್ಕೆ ಎಷ್ಟು ಹತ್ತಿರವೆಂದರೆ, ನಾವು ಅಭ್ಯಾಸಬಲದಿಂದ ಕನ್ನಡದಲ್ಲಿ ಗದರಿದರೆ ಬಾಯಿ ಮುಚ್ಚಿ ನಗುತ್ತಿದ್ದರು. ಅಲ್ಲಿ ಟಿ.ವಿ. ಕೆಟ್ಟರೆ ಕರೆ ಬರುತ್ತಿದ್ದುದು ನಮಗೆ. ಆ ಮಳೆಗಾಲದಲ್ಲಿ ಡಿಶ್ಶಿನ ವಿದ್ಯೆಯನ್ನು ನಾವು ಕಲಿತದ್ದು ಹಾಗೆ.

ಕಲಿತದ್ದನ್ನು ಸ್ವಲ್ಪ ಹೇಳಿಕೊಳ್ಳುವ ಚಪಲವನ್ನು ವಾಚಕರು ಮನ್ನಿಸಬೇಕು. ಉಪಗ್ರಹ ಭೂಮಧ್ಯರೇಖೆಯ ಮೇಲೆ ಸುಮಾರು 35,800 ಕಿಲೋಮೀಟರ್ ಎತ್ತರದಲ್ಲಿ, ಭೂಮಿಯ ತಿರುಗುವಿಕೆಗೆ ಹೆಜ್ಜೆ ಹೊಂದಿಸಿಕೊಂಡು ಸುತ್ತುತ್ತದೆ; ಆದುದರಿಂದ ನಮ್ಮ ಕಣ್ಣಿಗೆ ಅದು ಆಕಾಶದಲ್ಲಿ ಮೊಳೆ ಹೊಡೆದಂತೆ ಒಂದೇ ಕಡೆ ನಿಂತಿದೆ. ದೂರದರ್ಶನದ ಉಚಿತ ಡಿಶ್ ಸೇವೆ 2004ರ ಡಿಸೆಂಬರಿನಲ್ಲಿ ಆರಂಭವಾಯಿತು. ಅದನ್ನು ಈಗ ಹೊತ್ತಿರುವ ಜಿಸ್ಯಾಟ್-15 ಉಪಗ್ರಹ 93.5 ಡಿಗ್ರಿ ಪೂರ್ವ ರೇಖಾಂಶದ ಮೇಲಿದೆ. ವಯನಾಡಿನಿಂದ ನೋಡಿದರೆ ಅದು ಆಗ್ನೇಯಕ್ಕೆ, ನೆಲಮಟ್ಟದಿಂದ ಸುಮಾರು 65 ಡಿಗ್ರಿ ಮೇಲೆ. ಪಕ್ಕದ ಮನೆಯ ಡಿಶ್ ಸರಿಪಡಿಸಲು ನಾವು ನಾಲ್ಕನೆಯ ತರಗತಿಯ ಹುಡುಗನ ಕೋನಮಾಪಕವನ್ನು ಕಡ ತಂದು, ಅದಕ್ಕೆ ದಾರದಲ್ಲಿ ಕಲ್ಲು ಕಟ್ಟಿ ಅಳೆದೆವು. ಲೆಕ್ಕ ತಾಳೆಯಾಗಲೇ ಇಲ್ಲ. ಆಮೇಲೆ ತಿಳಿಯಿತು: ಈ ತಟ್ಟೆಗಳು ಓರೆಯ ಜಾತಿಯವು, ಮುಖ ಎತ್ತ ಕಾಣುವುದೋ ಅದಕ್ಕಿಂತ ಇಪ್ಪತ್ತು ಡಿಗ್ರಿಗೂ ಮೇಲಕ್ಕೆ ಅವುಗಳ ನಿಜವಾದ ನೋಟ. ಎದುರಿನ ಹಲಸಿನ ಮರವನ್ನು ನೋಡುತ್ತಿರುವಂತೆ ಕಾಣುವ ಡಿಶ್ ವಾಸ್ತವವಾಗಿ ಮರದ ನೆತ್ತಿಯ ಮೇಲಿನ ಆಕಾಶವನ್ನು ನೋಡುತ್ತಿರುತ್ತದೆ. ಆದರೆ ಸಿಲ್ವರ್ ಓಕ್ ಒಂದೆರಡು ವರ್ಷದಲ್ಲಿ ಆ ಆಕಾಶಕ್ಕೂ ಏರಿಬಿಡುತ್ತದೆ. ನಿನ್ನೆಯವರೆಗೂ ಬರುತ್ತಿದ್ದ ಚಿತ್ರ ಇಂದು ಯಾಕೆ ಇಲ್ಲವೆಂದರೆ ಮರ ಬೆಳೆದಿದೆ. ಇನ್ನು ಜೋರು ಮಳೆಯಲ್ಲಿ ಚಿತ್ರ ಹೋಗುವುದಕ್ಕೆ ಯಾರನ್ನೂ ದೂರುವಂತಿಲ್ಲ. ಅಷ್ಟು ಚಿಕ್ಕ ಅಲೆಗಳನ್ನು ಮಳೆಹನಿಗಳು ದಾರಿಯಲ್ಲಿಯೇ ನುಂಗಿಬಿಡುತ್ತವೆ.

ಮತ್ತೊಂದು ಮಾತು. ಕನ್ನಡಕ್ಕೆ ಈಶಾನ್ಯ, ಮಲಯಾಳಕ್ಕೆ ನೈಋತ್ಯ ಎಂಬ ತೀರ್ಥರೂಪರ ಕಾಲದ ಲೆಕ್ಕ ಮುಗಿಯಿತು. ದೂರದರ್ಶನದ ಹಳೆಯ ಭೂಪ್ರಸಾರಕಗಳನ್ನು, ಕೆಲವು ಆಯಕಟ್ಟಿನ ಜಾಗಗಳನ್ನು ಬಿಟ್ಟು, 2022ರ ಹೊತ್ತಿಗೆ ಮುಚ್ಚಲಾಯಿತು. ಈಗ ಚಂದನವೂ ಆಗ್ನೇಯದಿಂದ, ಮಲಯಾಳದ ವಾಹಿನಿಯೂ ಆಗ್ನೇಯದಿಂದ. ಒಂದೇ ತಟ್ಟೆಯಲ್ಲಿ ಎರಡೂ. ಆಗ್ನೇಯವೆಂದರೆ ಅಡುಗೆಮನೆಯ ಮೂಲೆಯಲ್ಲವೆ, ಅಲ್ಲಿಂದ ಎಲ್ಲರಿಗೂ ಬಡಿಸುತ್ತಾರೆ ಎಂದು ನಮ್ಮ ಮನೆಯವರು ಅಂದರು.

ಈ ವಿದ್ಯೆಯ ಫಲವಾಗಿ ಸುತ್ತಲಿನವರು ನಮ್ಮನ್ನು ‘ಟಿ.ವಿ. ಮಾಷ್’ ಎಂದು ಕರೆಯತೊಡಗಿದರು. ಮೂವತ್ತು ವರ್ಷ ಗಣಿತ ಕಲಿಸಿದಾಗ ಸಿಗದ ಮರ್ಯಾದೆ ಸಿಕ್ಕಿತೆಂದು ನಾವೂ ಒಳಗೊಳಗೇ ಹಿಗ್ಗಿದೆವು. ಅದೇ ಕುತ್ತಾಯಿತು.

2023ರ ಜೂನ್ ಕೊನೆಗೆ ಮಳೆ ಹಿಡಿಯಿತು. ಒಂದು ಬೆಳಿಗ್ಗೆ ತಾಯಿಯವರು, “ಸೋಮೇಶ್ವರಪ್ಪೋರು ತುಂಡು ತುಂಡಾಗವ್ರೆ ಕನ ಮಗ” ಎಂದರು. ಹೋಗಿ ನೋಡಿದರೆ ನಿಜ. ಚಿತ್ರ ಚೌಕ ಚೌಕವಾಗಿ ಒಡೆದು, ಮಾತು ಅರ್ಧದಲ್ಲಿ ನುಂಗಿಹೋಗಿ, ಮುದ್ರಣ ಹದಿನೈದು ನಿಮಿಷಕ್ಕೇ ನಿಂತುಬಿಟ್ಟಿದೆ. ಮರುದಿನ ಚೆನ್ನಾಗಿತ್ತು. ಅದರ ಮರುದಿನ ಮತ್ತೆ ಕೆಟ್ಟಿತು.

ಹಳೆಯ ಟಿ.ವಿ.ಗೂ ಈಗಿನದಕ್ಕೂ ಇಲ್ಲಿ ಒಂದು ಭೇದವಿದೆ. ಹಳೆಯ ಚಿತ್ರ ಕೆಡುತ್ತಿದ್ದುದು ಹಾಲಿಗೆ ನೀರು ಬೆರೆತಂತೆ. ತೆಳ್ಳಗಾಗುತ್ತಾ ಹೋದರೂ ಹಾಲೆಂದು ಗುರುತು ಸಿಗುತ್ತಿತ್ತು. ಮಸುಕು ಚುಕ್ಕೆಗಳ ನಡುವೆಯೇ ನಾವು ಸೀತಾಪಹರಣವನ್ನು ನೋಡಿ ಅತ್ತವರು. ಈಗಿನ ಚಿತ್ರ ಕೆಡುವುದು ಹಾಲು ಒಡೆದಂತೆ. ಸಣ್ಣಪುಟ್ಟ ದೋಷಗಳನ್ನು ಪೆಟ್ಟಿಗೆ ತಾನೇ ತಿದ್ದಿಕೊಳ್ಳುತ್ತದೆ, ನಮಗೆ ಗೊತ್ತೇ ಆಗುವುದಿಲ್ಲ. ಆ ಮಿತಿ ದಾಟಿದೊಡನೆ ಎಲ್ಲವೂ ಒಂದೇ ಸಲಕ್ಕೆ ಹೋಗುತ್ತದೆ. ತಂತಿ ಅರ್ಧ ಕೊಳೆಯುವವರೆಗೂ ಚಿತ್ರ ನಗುನಗುತ್ತಲೇ ಇರುತ್ತದೆ.

ನಾವು ವಿಚಾರ ಮಾಡಿದ ಬಗೆಯನ್ನು ಹೇಳುತ್ತೇವೆ, ತಾವೇ ನ್ಯಾಯ ಹೇಳಿ. ರಾತ್ರಿ ಆ ಪೆಟ್ಟಿಗೆ ಚಂದನವನ್ನು ಮುದ್ರಿಸುವ ಹೊತ್ತಿನಲ್ಲಿಯೇ ನಮ್ಮ ಮನೆಯವರು ಅದೇ ಪೆಟ್ಟಿಗೆಯಲ್ಲಿ ಮಲಯಾಳದ ಧಾರಾವಾಹಿ ನೋಡುತ್ತಾರೆ. ಧಾರಾವಾಹಿಯ ಚಿತ್ರ ಕನ್ನಡಿಯಂತೆ ಬರುತ್ತಿತ್ತು. ಒಂದೇ ಡಿಶ್, ಒಂದೇ ಮಳೆ, ಒಂದೇ ಹೊತ್ತು. ನೋಡುವ ಚಿತ್ರ ಸರಿಯಿದ್ದು ಮುದ್ರಿಸುವ ಚಿತ್ರ ಮಾತ್ರ ಕೆಟ್ಟರೆ, ದೋಷ ಡಿಶ್ಶಿನಲ್ಲಿ ಹೇಗಿದ್ದೀತು? ಮುದ್ರಿಸುವ ಯಂತ್ರದಲ್ಲಿ, ಅದರ ಸಾಫ್ಟ್‌ವೇರಿನಲ್ಲಿಯೇ ಇರಬೇಕು! ಈ ಪೆಟ್ಟಿಗೆಗಳು ನಡುರಾತ್ರಿ ಆಕಾಶದಿಂದಲೇ ಹೊಸ ಸಾಫ್ಟ್‌ವೇರನ್ನು ಇಳಿಸಿಕೊಳ್ಳುವುದುಂಟು. ನಮ್ಮಲ್ಲಿ ಮಳೆಗಾಲದಲ್ಲಿ ಕರೆಂಟು ಹೋಗುವುದೂ ನಡುರಾತ್ರಿಯೇ. ಅರ್ಧ ಇಳಿದ ಸಾಫ್ಟ್‌ವೇರು ಕೆಟ್ಟಿರಬೇಕೆಂದು ತೀರ್ಮಾನಿಸಿದೆವು. ತೀರ್ಮಾನ ನಮಗೆ ಬಹಳ ಸುಂದರವಾಗಿ ಕಂಡಿತು. ಸಾಫ್ಟ್‌ವೇರು ಕಣ್ಣಿಗೆ ಕಾಣದು, ಕೈಗೆ ಸಿಗದು, ಎದುರಾಡದು. ತಪ್ಪು ಹೊರಿಸಲು ಅದಕ್ಕಿಂತ ಅನುಕೂಲವಾದವರು ಯಾರಿದ್ದಾರೆ?

ಸ್ವಿಚ್ಚು ತೆಗೆದು ಹಾಕಿದೆವು. ವಾಹಿನಿಗಳನ್ನು ಹೊಸದಾಗಿ ಹುಡುಕಿಸಿದೆವು. ಕಂಪನಿಯ ದೂರವಾಣಿಗೆ ಕರೆ ಮಾಡಿದೆವು. ಆ ಕಡೆಯ ಹುಡುಗ ಸೌಜನ್ಯದಿಂದಲೇ ಮಾತನಾಡಿ, ಯಾವುದಕ್ಕೂ ಜಗ್ಗದಿದ್ದರೆ ಕೊನೆಗೆ ಪೆಟ್ಟಿಗೆಯನ್ನು ಮೊದಲಿನ ಸ್ಥಿತಿಗೆ ತರುವ ಒಂದು ಆಯ್ಕೆ ಇದೆಯೆಂದ. ಕೊನೆಗೆ ಎಂದು ಅವನು ಹೇಳಿದ್ದನ್ನು ಈಗ ನೆನಪಿಸಿಕೊಳ್ಳುತ್ತೇವೆ. ಜುಲೈ 11ರ ಮಂಗಳವಾರ ಸಂಜೆ ನಾವು ಆ ಆಯ್ಕೆಯನ್ನು ಒತ್ತಿದೆವು. ಎಲ್ಲ ಮುದ್ರಣಗಳೂ ಅಳಿಯುತ್ತವೆ, ಮುಂದುವರಿಯಲೇ ಎಂದು ತೆರೆ ಕೇಳಿತು. ಓದಿದೆವು, ಅರ್ಥವೂ ಆಯಿತು. ಮಾವನವರ ಮುದ್ರಣಕ್ಕೆ ಬೀಗವಿದೆಯಲ್ಲ, ಅದು ಅಳಿಯದು ಎಂದುಕೊಂಡೆವು. ‘ಹೌದು’ ಒತ್ತಿದೆವು.

ಬಳಿಕ ಮೂರು ದಿನ ಮಳೆ ಬಿಡುವು ಕೊಟ್ಟಿತು, ಮೂರು ಮುದ್ರಣಗಳೂ ಚೆನ್ನಾಗಿ ಬಂದವು. ನಮ್ಮ ನಿದಾನ ಸರಿಯಾಯಿತೆಂದು ಶಾಲೆಯಲ್ಲಿ ಸಹೋದ್ಯೋಗಿಗಳಿಗೆಲ್ಲ ಹೇಳಿಕೊಂಡೆವು. ಶನಿವಾರ ರಾತ್ರಿ ಮತ್ತೆ ಮಳೆ ಬಂತು. ಭಾನುವಾರ ಬೆಳಿಗ್ಗೆ ಸೋಮೇಶ್ವರಪ್ಪನವರು ಮತ್ತೆ ತುಂಡು ತುಂಡು.

ಆಗ ನಮಗೆ ತರಗತಿ ನೆನಪಾಯಿತು. ಒಂದು ಬೆಂಚಿನಿಂದ ಪಿಸುಮಾತು ಕೇಳುತ್ತಿದ್ದರೆ, ಮಾತನಾಡುವವನು ಯಾರೆಂದು ತಿಳಿಯಲು ಇಬ್ಬರು ಹುಡುಗರ ಜಾಗವನ್ನು ಅದಲು ಬದಲು ಮಾಡುತ್ತೇವೆ. ಪಿಸುಮಾತು ಹುಡುಗನೊಡನೆ ಹೋಗುತ್ತದೆ, ಬೆಂಚಿನಲ್ಲಿ ಉಳಿಯುವುದಿಲ್ಲ. ಪೆಟ್ಟಿಗೆಯ ಹಿಂಬದಿಗೆ ಡಿಶ್ಶಿನಿಂದ ಎರಡು ತಂತಿಗಳು ಬಂದಿವೆಯಲ್ಲವೆ? ಒಂದನ್ನು ನೋಡುತ್ತಾ ಇನ್ನೊಂದನ್ನು ಮುದ್ರಿಸಲು ಬೇಕಾಗಿ ಅದರೊಳಗೆ ಎರಡು ಗ್ರಾಹಕಗಳಿರುತ್ತವೆ. ಎರಡಕ್ಕೂ ತಮ್ಮ ತಮ್ಮ ತಂತಿ. ಒಂದೇ ಡಿಶ್ ಎಂದು ನಾವು ಲೆಕ್ಕ ಹಾಕಿದ್ದೆವು, ತಂತಿ ಎರಡೆಂಬುದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ! ಎರಡನ್ನೂ ಬಿಚ್ಚಿ ಅದಲು ಬದಲು ಮಾಡಿದೆವು. ಧಾರಾವಾಹಿಯ ವಾಹಿನಿ ಕೂಡಲೇ ಚೌಕ ಚೌಕವಾಗಿ ಒಡೆಯಿತು. ಪಿಸುಮಾತು ಹುಡುಗನೊಡನೆ ಹೋಗಿತ್ತು. ನಮ್ಮ ಪೆಟ್ಟಿಗೆ, ಅದರ ಸಾಫ್ಟ್‌ವೇರು, ಎರಡೂ ನಿರಪರಾಧಿಗಳು.

ಏಣಿ ಹಾಕಿ ಮಾಡಿಗೆ ಹತ್ತಿದೆವು. ಡಿಶ್ಶಿನ ಮುಂದೆ ತೋಳಿನ ತುದಿಯಲ್ಲಿ ಎಲ್‌ಎನ್‌ಬಿ ಎಂಬ ಮೂತಿಯಿದೆ. ಅದಕ್ಕೆ ಎರಡು ತಂತಿಗಳನ್ನು ತಿರುಪಿನ ಕೊಂಡಿಗಳಿಂದ ಬಿಗಿದಿದ್ದಾರೆ. ಎರಡನೆಯ ಕೊಂಡಿಯನ್ನು ಬಿಚ್ಚಿದರೆ ಒಳಗಿನಿಂದ ಎರಡು ತೊಟ್ಟು ನೀರು ಅಂಗೈಗೆ ಬಿತ್ತು. ನಡುವಿನ ತಾಮ್ರದ ಎಳೆ ಹಸಿರಾಗಿತ್ತು. ಅದಕ್ಕೆ ಸುತ್ತಿದ್ದ ಅಂಟುಪಟ್ಟಿ ಬಿಸಿಲಿಗೆ ಬಿರಿದು, ಸಂದಿನಲ್ಲಿ ಮಳೆ ಇಳಿದಿತ್ತು. ಒಳಗಿನ ಜಾಲರಿ ಬತ್ತಿಯಂತೆ ನೀರನ್ನು ಹೀರಿಕೊಂಡು ಗೇಣುದ್ದ ಕಪ್ಪಾಗಿತ್ತು. ಬಿಸಿಲು ಬಂದರೆ ಒಣಗಿ ಚಿತ್ರ ಸರಿ, ಮಳೆ ಬಂದರೆ ನೆನೆದು ಚಿತ್ರ ಹಾಳು. ಆ ಗೇಣುದ್ದವನ್ನು ಕತ್ತರಿಸಿ, ಹೊಸ ಕೊಂಡಿ ಹಾಕಿ, ರಬ್ಬರಿನ ಪಟ್ಟಿಯನ್ನು ಎಳೆದು ಸುತ್ತಿದೆವು. ಕೊಂಡಿಯ ಬೆಲೆ ಇಪ್ಪತ್ತು ರೂಪಾಯಿ. ತಂತಿ ಮನೆಯೊಳಗೆ ಹೋಗುವ ಕಡೆ ಅದನ್ನು ಸ್ವಲ್ಪ ಕೆಳಗೆ ಜೋಲಿ ಬಿಟ್ಟು ಮತ್ತೆ ಮೇಲಕ್ಕೆತ್ತಿದೆವು. ಹೀಗೆ ಮಾಡಿದರೆ ತಂತಿಯ ಗುಂಟ ಇಳಿದ ಮಳೆ ನೀರು ಜೋಲಿಯಲ್ಲಿಯೇ ತೊಟ್ಟಿಕ್ಕುತ್ತದೆ, ಕೊಂಡಿಗೆ ಹೋಗುವುದಿಲ್ಲ. ಮನೆಗೆ ಡಿಶ್ ಇರುವ ವಾಚಕರು ಈ ಜೋಲಿಯೊಂದನ್ನು ಇಂದೇ ನೋಡಿಕೊಳ್ಳುವುದು ಒಳ್ಳೆಯದು.

ಮರುದಿನ, ಜುಲೈ 17, ಸೋಮವಾರ, ಭೀಮನ ಅಮಾವಾಸ್ಯೆ. ಈ ಕಡೆಯವರಿಗೆ ಅದು ಕರ್ಕಾಟಕದ ವಾವು. ಗತಿಸಿದವರಿಗೆ ಬಲಿಯಿಡಲು ಜನ ತಿರುನೆಲ್ಲಿಯ ಪಾಪನಾಶಿನಿಗೆ ನಸುಕಿನಲ್ಲಿಯೇ ಹೋಗುತ್ತಾರೆ. ತಾಯಿಯವರ ಕಾರ್ಯಕ್ರಮ ಸಂಜೆಯ ದೀಪದ ಮೇಲೆ. ಎಲ್ಲವೂ ಸರಿಯಿದೆಯೇ ಎಂದು ನೋಡಿಡೋಣವೆಂದು ಭಾನುವಾರ ರಾತ್ರಿಯೇ, ಗೆದ್ದವರ ಉತ್ಸಾಹದಲ್ಲಿ, ಮುದ್ರಣಗಳ ಪಟ್ಟಿಯನ್ನು ತೆರೆದೆವು. ಅದರಲ್ಲಿ ಕಳೆದ ಐದು ರಾತ್ರಿಗಳ ಐದು ರಸಪ್ರಶ್ನೆಗಳಿದ್ದವು. ಅವುಗಳ ಕೆಳಗೆ ಏನೂ ಇರಲಿಲ್ಲ.

ಬೀಗದ ಗುರುತು, ಜಾಗಕ್ಕಾಗಿ ತಾನಾಗಿ ಅಳಿಸುವುದನ್ನು ತಡೆಯುತ್ತದೆಯಷ್ಟೆ. ಎಲ್ಲವನ್ನೂ ಅಳಿಸು ಎಂದು ಮನೆಯ ಯಜಮಾನನೇ ಹೇಳಿದರೆ ಅದು ಯಾರನ್ನೂ ತಡೆಯುವುದಿಲ್ಲ.

ಆ ರಾತ್ರಿ ನಿದ್ದೆ ಬರಲಿಲ್ಲ. ಪೆಟ್ಟಿಗೆ ಹಾಳಾಗಿದೆಯೆಂದು ಹೇಳಿಬಿಡುವ ಯೋಚನೆ ಬಂದದ್ದುಂಟು. ಸಿಡಿಲು ಬಡಿಯಿತೆಂದರೆ ತಾಯಿಯವರು ನಂಬುತ್ತಿದ್ದರು. ಮಕ್ಕಳು ನೋಟುಪುಸ್ತಕ ಹೊಳೆಗೆ ಬಿತ್ತೆಂದು ಹೇಳಿದಾಗ ನಾವು ಅವರ ಕಣ್ಣನ್ನೇ ನೋಡುತ್ತಾ ನಿಲ್ಲುತ್ತೇವಲ್ಲ, ಅದೂ ನೆನಪಾಯಿತು.

ಬೆಳಿಗ್ಗೆ ಅವರು ಹೂವು ಕಟ್ಟುತ್ತಿದ್ದಾಗ ಹತ್ತಿರ ಕುಳಿತು ಇದ್ದದ್ದನ್ನು ಇದ್ದಂತೆ ಹೇಳಿದೆವು. ಪೆಟ್ಟಿಗೆಯದಲ್ಲ, ಸಿಡಿಲಿನದಲ್ಲ, ನಾವೇ ಅಳಿಸಿದೆವು ಎಂದೆವು. ಅವರು ಹೂವಿನಿಂದ ತಲೆ ಎತ್ತಲಿಲ್ಲ. ಒಂದು ಮೊಳ ಕಟ್ಟಿ ಮುಗಿಸಿ, ದಾರ ಹರಿದ ಮೇಲೆ ಕೇಳಿದರು:

“ಕೆಟ್ಟಿದ್ದು ಏನಿತ್ತು ಮಗ?”

“ತಂತಿ ಅಮ್ಮ. ಮೇಲ್ಗಡೆ ನೀರು ಹೊಕ್ಕಿತ್ತು.”

“ನಿಮ್ಮಪ್ಪ ಮೊದ್ಲು ತಂತೀನೆ ಹಿಡಿಯೋರು.”

ಅಷ್ಟೇ. ಮೂರ್ತದಿಂದ ಅಮೂರ್ತದ ಕಡೆಗೆ ಸಾಗಬೇಕೆಂಬುದು ಶಿಕ್ಷಕ ತರಬೇತಿಯ ಮೊದಲ ವಾರದ ಪಾಠ. ಮಗುವಿಗೆ ಮೊದಲು ಕೈಗೆ ಹುಣಸೆಬೀಜ ಕೊಡಿ, ಆಮೇಲೆ ಸಂಖ್ಯೆ ಹೇಳಿ ಎಂದು ನಾವೇ ಹೊಸ ಉಪಾಧ್ಯಾಯರಿಗೆ ಹೇಳುತ್ತಾ ಬಂದವರು. ಅಂದು ಸಂಜೆ ತಾಯಿಯವರು ದೀಪ ಹಚ್ಚಿದರು. ಚಾಪೆ ಹಾಸಲಿಲ್ಲ. ಟಿ.ವಿ. ಹಾಕಲೇ ಎಂದು ಕೇಳುವ ಧೈರ್ಯ ನಮಗಾಗಲಿಲ್ಲ.

ಆ ವಾರವೇ ಪೆಟ್ಟಿಗೆಯನ್ನು ಹೊತ್ತುಕೊಂಡು ಸುಲ್ತಾನ್ ಬತ್ತೇರಿಗೆ ಹೋದೆವು. ಕಂಪ್ಯೂಟರ್ ದುರಸ್ತಿಯ ಅಂಗಡಿಯ ತರುಣನೊಬ್ಬ ನಮ್ಮ ಹಳೆಯ ವಿದ್ಯಾರ್ಥಿಯ ಮಗ. ಅವನು ಎರಡು ಸಂಗತಿಗಳನ್ನು ವಿವರಿಸಿದ. ಅಳಿಸುವುದೆಂದರೆ ಬಹುಮಟ್ಟಿಗೆ ಪಟ್ಟಿಯನ್ನು ಹರಿದುಹಾಕುವುದು ಮಾತ್ರ. ಅದರ ಮೇಲೆ ಹೊಸದನ್ನು ಬರೆಯುವವರೆಗೂ ಹಳೆಯದು ತಟ್ಟೆಯ ಮೇಲೆಯೇ ಇರುವುದುಂಟು. ನಾವು ಐದು ರಾತ್ರಿ ಅದರ ಮೇಲೆ ಬರೆದಿದ್ದೆವು. ಎರಡನೆಯದು ಇನ್ನೂ ಗಟ್ಟಿ: ಇಂತಹ ಕಂಪನಿಗಳ ಪೆಟ್ಟಿಗೆಗಳು ಚಿತ್ರವನ್ನು ಗುಪ್ತಲಿಪಿಯಲ್ಲಿ ಬರೆದಿಡುತ್ತವೆ, ಅದರ ಕೀಲಿ ಆ ಪೆಟ್ಟಿಗೆಯೊಳಗೇ ಇರುತ್ತದೆ. ತಟ್ಟೆಯನ್ನು ಬಿಚ್ಚಿ ಕಂಪ್ಯೂಟರಿಗೆ ಹಾಕಿದರೂ, ಅದೇ ಕಂಪನಿಯ ಇನ್ನೊಂದು ಪೆಟ್ಟಿಗೆಗೆ ಹಾಕಿದರೂ ಅದು ತೆರೆಯದು. “ಮಾಷೇ, ಪೆಟ್ಟಿಗೆ ಸುಟ್ಟುಹೋಗಿದ್ದರೂ ನಿಮಗೆ ಅದು ಸಿಗುತ್ತಿರಲಿಲ್ಲ” ಎಂದು ಅವನು ಸಮಾಧಾನದ ಧ್ವನಿಯಲ್ಲಿ ಮಲಯಾಳದಲ್ಲಿ ಹೇಳಿದ. ಅದು ನಮಗೆ ಸಮಾಧಾನವೆನಿಸಲಿಲ್ಲ. ಐದು ವರ್ಷ ಕಾಲ ನಮ್ಮಲ್ಲಿತ್ತೆಂದು ತಿಳಿದದ್ದು ನಮ್ಮದಾಗಿರಲೇ ಇಲ್ಲವೆಂದೇ ಇದರ ಅರ್ಥ. ಪೇಟೆಯಲ್ಲಿ ಸಿಗುವ ಉಚಿತ ಡಿಶ್ಶಿನ ಅನೇಕ ಪೆಟ್ಟಿಗೆಗಳು ಪೆನ್ ಡ್ರೈವಿಗೆ ಮುದ್ರಿಸುತ್ತವೆ, ಅವುಗಳಲ್ಲಿ ಕೆಲವನ್ನು ಕಂಪ್ಯೂಟರಿನಲ್ಲಿಯೂ ನೋಡಬಹುದು ಎಂದೂ ಅವನೇ ಹೇಳಿದ. ಮನೆಯವರ ಮುಖವಿರುವ ಮುದ್ರಣವಾದರೆ, ಬೇರೇನೂ ಆಗದಿದ್ದರೆ ಟಿ.ವಿ.ಯ ಮುಂದೆ ಮೊಬೈಲನ್ನು ಹಿಡಿದು ಆ ತೆರೆಯನ್ನೇ ಚಿತ್ರೀಕರಿಸಿಟ್ಟುಕೊಂಡಿದ್ದರೂ ಸಾಕಿತ್ತು. ಐದು ವರ್ಷಗಳಲ್ಲಿ ಅಷ್ಟು ಬುದ್ಧಿ ನಮಗಾರಿಗೂ ಬರಲಿಲ್ಲ. ಹೊಳೆಯ ದಡದಲ್ಲಿ ಮನೆಯಿದ್ದವರು ನೀರು ತುಂಬಿಡುವುದಿಲ್ಲವಷ್ಟೆ.

ಬೆಂಗಳೂರಿನ ಕೇಂದ್ರಕ್ಕೆ ಪತ್ರ ಬರೆಯಬಹುದೆಂದು ಮಗಳು ಹೇಳಿದಳು. ಬರೆಯಲು ಕುಳಿತಾಗ, ಕಾರ್ಯಕ್ರಮ ಪ್ರಸಾರವಾದ ದಿನಾಂಕ ಬೇಕಾಯಿತು. ಅದು ಬರೆದಿದ್ದುದು ಮುದ್ರಣಗಳ ಪಟ್ಟಿಯಲ್ಲಿ. ಮಾವನವರ ತಂಡದವರಲ್ಲಿ ವಿಚಾರಿಸಿದರೆ ಒಬ್ಬರು ದೀಪಾವಳಿಯ ಹಿಂದೆ ಎಂದರು, ಇನ್ನೊಬ್ಬರು ಮುಂದೆ ಎಂದರು.

ಆದುದರಿಂದ ಈ ಪತ್ರಿಕೆಯನ್ನು ಓದುವ ಗಡಿಯ ಎರಡೂ ಕಡೆಯ ಕುಟುಂಬಗಳಲ್ಲಿ ನಮ್ಮದೊಂದು ವಿಜ್ಞಾಪನೆ. 2018ರ ಉತ್ತರಾರ್ಧದಲ್ಲಿ ಚಂದನದಲ್ಲಿ ಗುಂಡ್ಲುಪೇಟೆಯ ಕಡೆಯ ಕಂಸಾಳೆ ತಂಡವೊಂದರ ಕಾರ್ಯಕ್ರಮ ಬಂದಿತ್ತು. ಹತ್ತು ಜನ, ಎಡದಿಂದ ಎರಡನೆಯವರು ಕೆಂಪು ವಸ್ತ್ರವನ್ನು ಸೊಂಟಕ್ಕೆ ಬಿಗಿದು, ಬಲಗಿವಿಗೆ ಕಡುಕು ಹಾಕಿದ್ದ ಎತ್ತರದ ಆಸಾಮಿ. ಅದನ್ನು ನೋಡಿದ ದಿನಾಂಕ ಯಾರಿಗಾದರೂ ನೆನಪಿದ್ದರೆ ಸಂಪಾದಕರಿಗೆ ಒಂದು ಕಾರ್ಡು ಬರೆಯುವ ಕೃಪೆ ಮಾಡಬೇಕು. ಒಂದು ವೇಳೆ ಯಾರದಾದರೂ ಮನೆಯ ಪೆಟ್ಟಿಗೆಯಲ್ಲಿ ಅದು ಇನ್ನೂ ಉಳಿದಿದ್ದರೆ, ದಯವಿಟ್ಟು ಏನನ್ನೂ ಒತ್ತಬೇಡಿ, ಪೆಟ್ಟಿಗೆಯನ್ನು ಬಿಚ್ಚಿ ತರುವ ತೊಂದರೆಯನ್ನೂ ತೆಗೆದುಕೊಳ್ಳಬೇಡಿ. ಚಿತ್ರ ಕೆಟ್ಟು ಬರುತ್ತಿದ್ದರೆ ಮಾಡಿನ ಮೇಲಿನ ಕೊಂಡಿಯನ್ನು ಬಂದು ನಾವೇ ನೋಡುತ್ತೇವೆ, ರಬ್ಬರಿನ ಪಟ್ಟಿ ನಮ್ಮ ಚೀಲದಲ್ಲಿಯೇ ಇರುತ್ತದೆ. ತಾಯಿಯವರಿಗೆ ಎಂಬತ್ತು ದಾಟಿದೆ. ದೋಣಿ ಹತ್ತುವಾಗ ಒಬ್ಬರು ಕೈ ಹಿಡಿದರೆ ಸಾಕು. ಅಮಾವಾಸ್ಯೆಯಂದೇ ಆಗಬೇಕೆಂದಿಲ್ಲ, ತಮಗೆ ಅನುಕೂಲವಾದ ಯಾವ ದಿನವಾದರೂ ಆದೀತು. ಕಾಡಿನ ಗೇಟು ಹಾಕುವುದಕ್ಕೆ ಮುಂಚೆ ಹೊರಟುಬಿಡುತ್ತೇವೆ.